‘ಮುಂದುವರಿಸಬಹುದು’ ಅಂದ್ರೆ ಯಾರು ಮುಂದುವರಿಸೋದು?

ಮೊನ್ನೆ ನಮ್ಮೂರ ಅರಳಿಕಟ್ಟೆ ಹತ್ರ ಸೋಲಾರ್‌ಗೆ ಜಮೀನು ಗುತ್ತಿಗೆ ಕೊಡೋ ಕರಾರಿನ ಕರಡು ಓದಿದ್ರು. ಎಕರೆಗೆ ಎಷ್ಟು ಅಂತ ಎಲ್ರೂ ಕೇಳಿದ್ರು. ಕೊನೇಲಿದ್ದ ಒಂದು ಸಾಲು ಮಾತ್ರ ಯಾರಿಗೂ ಬೇಕಾಗ್ಲಿಲ್ಲ. ‘ಅವಧಿ ಮುಗಿದ ನಂತರ ಇದೇ ಷರತ್ತಿನ ಮೇಲೆ ಗುತ್ತಿಗೆ ಮುಂದುವರಿಸಬಹುದು.’ ಯಾರು? ನಾವಾ, ಅವರಾ? ಅದನ್ನ ಬರೆದಿಲ್ಲ.

ಜಮೀನು ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಪಾವಗಡದಲ್ಲಿ ತಿರುಮಣಿ, ವಳ್ಳೂರು ಸೇರಿ 5 ಊರಿನ ಸುಮಾರು 13,000 ಎಕರೆ ಹಿಂಗೇ ಗುತ್ತಿಗೆಗೆ ಹೋಗೈತೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, 28 ವರ್ಷ, 2 ವರ್ಷಕ್ಕೊಂದ್ಸಲ ಶೇ 5 ಏರಿಕೆ. ಪಹಣಿ ರೈತರ ಹೆಸರಲ್ಲೇ ಉಳೀತು. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಬೀಜದ ದುಡ್ಡೂ ಹುಟ್ಟದ ನಮಗೆ ಖಾತ್ರಿ ದುಡ್ಡು ಸಣ್ಣ ಮಾತಲ್ಲ.

ಆದ್ರೆ ಲೆಕ್ಕ ಹಾಕಿ. 21,000ಕ್ಕೆ ಶೇ 5 ಅಂದ್ರೆ 1,050. ಎರಡು ವರ್ಷ ಕಾದ್ರೆ ಎಕರೆಗೆ ದಿನಕ್ಕೆ 3 ರೂಪಾಯಿನೂ ಹೆಚ್ಚಾಗಲ್ಲ. 28ನೇ ವರ್ಷಕ್ಕೆ ಬರೋದು ಸುಮಾರು 39,600. ಆಮೇಲೆ ‘ಇದೇ ಷರತ್ತು’ ಅಂದ್ರೆ ಅಲ್ಲಿಂದ ಮುಂದಕ್ಕಾ, ತಿರುಗಿ 21,000ಕ್ಕಾ?

ಬೆಲೆ ಕಟ್ಟಿಟ್ಟ ಕರಾರಲ್ಲಿ ಮುಂದುವರಿಸೋ ಹಕ್ಕು ಒಬ್ಬರ ಕೈಲಿದ್ರೆ ಲಾಭ ಅವರಿಗೇ. ಆವತ್ತು ಜಮೀನಿನ ಬೆಲೆ ಏರಿದ್ರೆ ಹಳೇ ರೇಟಿಗೇ ಇಟ್ಕೋತಾರೆ, ಇಳಿದ್ರೆ ಬಿಟ್ಟು ಹೋಗ್ತಾರೆ. ನಮಗೆ ಎರಡೂ ಇಲ್ಲ.

ನನಗೀಗ 54. 28 ವರ್ಷ ಆದ್ಮೇಲೆ 82. ಆ ಸಾಲಿಗೆ ಕಟ್ಟುಬೀಳೋನು ನನ್ನ ಮಗ, ಮೊಮ್ಮಗ. ಹೆಬ್ಬೆಟ್ಟು ನಂದು, ಋಣ ಅವರದು ಆಗಬಾರದು.

ಅದಕ್ಕೆ ನಾನು ಕೇಳೋದು ಇಷ್ಟೇ. ಮುಂದುವರಿಸೋಕೆ ಎರಡೂ ಕಡೆ ಹೊಸದಾಗಿ ಸಹಿ ಬೇಕು. ರೇಟು ಆವತ್ತಿನದಾಗಿರಬೇಕು. ಒಂದು ವರ್ಷ ಮುಂಚೆ ನೋಟೀಸು ಕೊಡಬೇಕು, ನಾವು ಉತ್ತರ ಕೊಡಲಿಲ್ಲ ಅಂದ್ರೆ ಒಪ್ಪಿದಂಗೆ ಅಲ್ಲ. ಮುಂದುವರಿಸದಿದ್ರೆ ಕಂಬ, ಕಾಂಕ್ರೀಟು ಕಿತ್ತು ನೆಲ ಸಮ ಮಾಡೋದು ಅವರ ಖರ್ಚು. ಇದೆಲ್ಲ ಬಾಯಿಮಾತಲ್ಲ, ಕರಾರಲ್ಲೇ ಬರಬೇಕು.

ಶನಿವಾರ ಮತ್ತೆ ಸಭೆ ಐತೆ. ಪಹಣಿ, ಆಧಾರ್ ತರೋಕೆ ಹೇಳವ್ರೆ. ತನ್ನಿ, ಆದ್ರೆ ಆ ಸಾಲು ತಿದ್ದೋವರೆಗೂ ಚೀಲದಿಂದ ಹೊರಗೆ ತೆಗೀಬೇಡಿ. ಒಬ್ಬ ಕೇಳಿದ್ರೆ ತಕರಾರು ಅಂತಾರೆ, ಊರೇ ಕೇಳಿದ್ರೆ ತಿದ್ದುತಾರೆ.