ಹಳದಿ ದೀಪದ ಅಹವಾಲು

ಆಯುಧಪೂಜೆಯ ಹಿಂದಿನ ದಿನ ಕಾರನ್ನು ತೊಳೆದು ಒರೆಸಿದ ಉತ್ಸಾಹವು ಅಲ್ಲಿಗೇ ನಿಲ್ಲದೆ ಬಾನೆಟ್ಟಿನೊಳಕ್ಕೂ ಹರಿದುದರಿಂದ, ಏರ್ ಫಿಲ್ಟರನ್ನು ಈ ಸಲ ನಾನೇ ಬದಲಾಯಿಸುವೆನೆಂದು ಹೊರಟೆನು. ಕೆಲಸವೇನೂ ಘನವಾದುದಲ್ಲ, ಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಡಿಸಿ, ಧೂಳು ಕುಡಿದು ಬೂದಿಬಣ್ಣಕ್ಕೆ ತಿರುಗಿದ ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ ಮುಚ್ಚಿದರಾಯಿತು. ಮರುದಿನ ಕುಂಕುಮವೂ ಚೆಂಡುಹೂವಿನ ಹಾರವೂ ಆದವು. ಚಕ್ರದಡಿಯ ನಿಂಬೆಹಣ್ಣು ಸಿಡಿಯಿತು. ಬಡಾವಣೆಯನ್ನೊಂದು ಸುತ್ತು ಹಾಕಿ ಬಂದೆವು. ವಿಜಯದಶಮಿಯಂದು ಊರಿನ ದಾರಿ ಹಿಡಿದು ಅರ್ಧಗಂಟೆ ಕಳೆದಿರಬೇಕು, ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಡ್ಯಾಶ್‌ಬೋರ್ಡಿನಲ್ಲಿ ಮೌನವಾಗಿ ಬೆಳಗಿತು. 'ನಿಂಬೆಹಣ್ಣು ಸರಿಯಾಗಿ ಒಡೀಲಿಲ್ಲ, ನಾನು ಆಗಲೇ ನೋಡಿದೆ ಕಣೋ' ಎಂದರು ಹಿಂದೆ ಕುಳಿತಿದ್ದ ಸೋದರತ್ತೆ.

ದಾರಿಯ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತುವ ಶ್ರಮವನ್ನೂ ವಹಿಸದೆ ಎರಡು ಪರಿಹಾರಗಳನ್ನು ಮುಂದಿಟ್ಟನು: 'ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಸಿ, ಬೇಡ ಅಂದ್ರೆ ಎರೇಸ್ ಮಾಡಿಕೊಡ್ತೀನಿ, ಲೈಟ್ ಹೋಗತ್ತೆ.' ವಾಹನವುಳ್ಳವರಲ್ಲಿ ಬಹುಮಂದಿ ಇವೆರಡರಲ್ಲೊಂದನ್ನು ಒಪ್ಪಿ ಮುಂದೆ ಸಾಗುವರೆಂದು ತೋರುತ್ತದೆ. ನಾನೂ ಒಪ್ಪುತ್ತಿದ್ದೆನೋ ಏನೋ, ಹಬ್ಬದ ಖರ್ಚು ಜೇಬನ್ನು ಬರಿದುಮಾಡಿರದಿದ್ದರೆ.

ಹಿಂದಿರುಗಿದ ಮೇಲೆ ಪಕ್ಕದ ಮನೆಯ ವಿದ್ಯಾರ್ಥಿಯು ಬೆಂಕಿಪೊಟ್ಟಣದಷ್ಟು ಗಾತ್ರದ ಸ್ಕ್ಯಾನರೊಂದನ್ನು ಸ್ಟೀರಿಂಗಿನ ಕೆಳಗಣ ಸಾಕೆಟ್ಟಿಗೆ ಸಿಕ್ಕಿಸಿ, ತನ್ನ ಮೊಬೈಲಿನಲ್ಲಿ 'ಪಿ 0171' ಎಂಬ ಸಂಕೇತವನ್ನು ಓದಿ ಹೇಳಿದನು. ಇಂಧನಕ್ಕೆ ತಕ್ಕುದಕ್ಕಿಂತ ಗಾಳಿ ಅಧಿಕವಾಗಿದೆಯೆಂಬುದಿಷ್ಟೇ ಅದರ ಅರ್ಥ. ಇಂಥ ಭಾಗ ಕೆಟ್ಟಿದೆಯೆಂದು ಅದು ಹೇಳುವುದಿಲ್ಲ. ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ನನ್ನ ಕಾರಿನಲ್ಲಿ ಆ ಗಾಳಿಯನ್ನು ಅಳೆಯುವ ಸೆನ್ಸರು ಫಿಲ್ಟರನ್ನು ದಾಟಿದೊಡನೆಯೇ ಇದೆ. ಅಲ್ಲಿಂದ ಮುಂದಕ್ಕೆ ರಬ್ಬರಿನ ಕೊಳವೆಯೊಂದು ಎಂಜಿನ್ನಿಗೆ ಹೋಗುತ್ತದೆ. ಈ ಕೊಳವೆಯಲ್ಲಿ ಸೀಳೋ ಸಡಿಲವೋ ಇದ್ದರೆ, ಸುಂಕದ ಕಟ್ಟೆಯನ್ನು ತಪ್ಪಿಸಿ ಸಂತೆಗೆ ನುಗ್ಗಿದ ಸರಕಿನಂತೆ ಲೆಕ್ಕಕ್ಕೆ ಸೇರದ ಗಾಳಿ ಒಳಹೊಗುವುದು. ಹೊಗೆನಳಿಕೆಯಲ್ಲಿರುವ ಆಮ್ಲಜನಕದ ಸೆನ್ಸರು ಅದನ್ನು ಕಂಡು ದೂರು ಕೊಡುವುದು. ಕಾರಿನ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತ ಹೆಚ್ಚಿಸುತ್ತ ತನ್ನ ಮಿತಿಯನ್ನು ಮುಟ್ಟಿದಾಗ, ಅದೂ ಸಾಮಾನ್ಯವಾಗಿ ಎರಡು ಓಟಗಳಲ್ಲಿ ಅದೇ ದೋಷ ಕಂಡ ಮೇಲೆಯೇ, ದೀಪವನ್ನು ಹೊತ್ತಿಸುವುದು. ಈ ಸಾವಧಾನವೇ ನಮ್ಮನ್ನು ದಾರಿ ತಪ್ಪಿಸುವಂಥದು. ಮೊನ್ನೆ ಮಾಡಿದ ಕೆಲಸಕ್ಕೆ ಇಂದು ಆಕ್ಷೇಪಣೆ ಬಂದರೆ ಎರಡಕ್ಕೂ ಸಂಬಂಧವುಂಟೆಂಬುದು ಹೊಳೆಯುವುದಿಲ್ಲ. ಹೊಳೆದರೂ ಅಭಿಮಾನ ಒಪ್ಪಬೇಕಲ್ಲ! ಒಲ್ಲದ ಮನಸ್ಸಿನಿಂದಲೇ ಬಾನೆಟ್ ಎತ್ತಿ, ನನ್ನ ಕೈ ಓಡಾಡಿದ ಜಾಗವನ್ನಷ್ಟೇ ಮತ್ತೆ ಸವರುತ್ತ ಹೋದೆನು. ಮುಚ್ಚಳವನ್ನು ಎತ್ತಲು ಅನುಕೂಲವಾಗಲೆಂದು ಸಡಿಲಿಸಿದ್ದ ಕೊಳವೆಯ ಪಟ್ಟಿಯನ್ನು ಮತ್ತೆ ಬಿಗಿಯಲು ಮರೆತಿದ್ದೆ. ಸ್ಕ್ರೂಡ್ರೈವರಿನ ಮೂರು ಸುತ್ತು, ಕಾಸು ಖರ್ಚಿಲ್ಲ.

ಮೆಕ್ಯಾನಿಕ್ ಹೇಳಿದ ಮೊದಲನೆಯ ಪರಿಹಾರವನ್ನು ಕ್ಷಮಿಸಬಲ್ಲೆ, ಎರಡನೆಯದನ್ನು ಕ್ಷಮಿಸಲಾರೆ. ಸಂಕೇತವನ್ನು ಅಳಿಸಿದೊಡನೆ, ದೋಷ ಕಂಡ ಗಳಿಗೆಯಲ್ಲಿ ಕಂಪ್ಯೂಟರು ಬರೆದಿಟ್ಟುಕೊಂಡ ವೇಗ, ಶಾಖ ಮೊದಲಾದ ಸಾಕ್ಷ್ಯವೂ ಅಳಿದುಹೋಗುವುದು. ಅದು ಒಡೆಯನ ನಷ್ಟ, ಇರಲಿ. ಆದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ದೀಪ ಹೊತ್ತಿಸುವ ಈ ವ್ಯವಸ್ಥೆ ಕಾನೂನಿಗೆ ಸೇರಿದುದು ಒಡೆಯನ ಹಿತಕ್ಕಾಗಿಯಲ್ಲ. ವಾಹನಗಳ ಹೊಗೆಯಿಂದ ಕಂಗೆಟ್ಟ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಗಳಿಂದ ಮೊದಲಾಗಿ ಇದನ್ನು ಕಡ್ಡಾಯಗೊಳಿಸಿತು. 1996ರ ಮಾದರಿಗಳ ವೇಳೆಗೆ ಅಮೆರಿಕದ ಕಾರುಗಳಿಗೆಲ್ಲ ಒಂದೇ ಬಗೆಯ ಸಾಕೆಟ್ಟೂ ಸಮಾನವಾದ ಸಂಕೇತಗಳೂ ಬಂದವು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮದ ಕಾರುಗಳಿಗೆ 2010ರಲ್ಲಿ ಇದರ ಮೊದಲ ಹಂತವೂ 2013ರಲ್ಲಿ ಎರಡನೆಯ ಹಂತವೂ ಜಾರಿಯಾದವು. ಎಂದರೆ, ಸಿಗ್ನಲಿನಲ್ಲಿ ನನ್ನ ಹೊಗೆನಳಿಕೆಯ ಹಿಂದೆಯೇ ನಿಂತು ಉಸಿರಾಡುವ ಸ್ಕೂಟರಿನವನ ಪರವಾಗಿ ಕಾನೂನು ನನ್ನ ಕಾರಿನೊಳಗೆ ಕೂರಿಸಿರುವ ವಕೀಲನೇ ಈ ದೀಪ. ಅವನ ಬಾಯಿ ಮುಚ್ಚಿಸುವ ಅಧಿಕಾರವನ್ನು ನನಗೆ ಕೊಟ್ಟವರಾರು?

ಎಲ್ಲ ದೀಪಗಳೂ ಇಷ್ಟು ಸೌಮ್ಯವಲ್ಲವೆಂಬುದನ್ನೂ ಹೇಳಬೇಕು. ಇದೇ ದೀಪ ಮಿಣುಕತೊಡಗಿದರೆ, ಉರಿಯದ ಪೆಟ್ರೋಲು ಹೊಗೆಯ ದಾರಿಗೆ ಬಿದ್ದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವ ಸಂಭವವುಂಟು. ಆಯಿಲ್ ಡಬ್ಬಿಯ ಆಕಾರದ ಕೆಂಪು ದೀಪ ಕಂಡರಂತೂ ಅಲ್ಲಿಯೇ ಎಂಜಿನ್ ನಿಲ್ಲಿಸತಕ್ಕದ್ದು. ಇಷ್ಟನ್ನು ತಿಳಿಸಲು ಕಾರಿನ ಕೈಪಿಡಿಯಲ್ಲಿ ಜಾಗವಿಲ್ಲವೆ? ಕಾಫಿ ಲೋಟ ಇಡುವ ಗೂಡಿಗೆ ಅರ್ಧ ಪುಟವನ್ನು ಮೀಸಲಿಟ್ಟಿರುವ ನನ್ನ ಕೈಪಿಡಿಯು ಹಳದಿ ದೀಪಕ್ಕೆ ಕೊಟ್ಟಿರುವುದು ಒಂದೇ ವಾಕ್ಯ, ಡೀಲರನ್ನು ಕಾಣಿರೆಂದು. ಸಾಮಾನ್ಯ ಸಂಕೇತಗಳ ಅರ್ಥವನ್ನು ತಯಾರಕರು ಕನ್ನಡದಲ್ಲಿ ಅಚ್ಚುಹಾಕಿ ಕೊಡಲಿ. ಹೊಗೆ ತಪಾಸಣೆಯವರು ತಮ್ಮಲ್ಲಿಗೆ ಬಂದ ಕಾರಿನ ಹೊಗೆಯ ಜೊತೆಗೆ ದೀಪವನ್ನೂ ನೋಡಲಿ.

ಪಟ್ಟಿಯನ್ನು ಬಿಗಿದೊಡನೆ ದೀಪ ಆರುವುದಿಲ್ಲ. ಮೂರು ಓಟಗಳವರೆಗಾದರೂ ದೋಷ ಮರುಕಳಿಸುವುದೋ ಎಂದು ಕಂಪ್ಯೂಟರು ಕಾದು ನೋಡುತ್ತದೆ. ನನ್ನ ಕಾರಿನ ತಪಾಸಣೆಯ ಅವಧಿ ಆ ನಡುವೆಯೇ ಮುಗಿದುದರಿಂದ, ಉರಿಯುವ ದೀಪದೊಡನೆಯೇ ಕೇಂದ್ರಕ್ಕೆ ಹೋದೆನು. ಅಲ್ಲಿದ್ದ ಹುಡುಗನು ನಂಬರ್ ಪ್ಲೇಟಿನ ಚಿತ್ರ ತೆಗೆದು, ನಳಿಕೆಗೆ ಸಲಾಕೆ ತೂರಿಸಿ, ಚೀಟಿಯನ್ನು ಕೈಗಿತ್ತನು. ನಾನು ಡ್ಯಾಶ್‌ಬೋರ್ಡಿನತ್ತ ಬೆರಳು ತೋರಿಸಿದೆನು.

'ಹೊಗೆ ಮಾತ್ರ ನಮ್ದು ಸಾರ್, ಲೈಟು ಗ್ಯಾರೇಜಿನವರದು' ಎಂದನು.