ಕಂಡದ್ದನ್ನು ಕಂಡಷ್ಟೇ ಬರೆಯಿರಿ

ಸೋದರಿಯರೇ, ಕಳೆದ ಜನವರಿಯಲ್ಲಿ ತವರೂರ ಕೆರೆ ಏರಿಯ ಮೇಲೆ ಮಗಳು "ಅಮ್ಮಾ, ಗುಲಾಬಿ ತಲೆ ಬಾತು!" ಅಂತ ಕುಣಿದಳು. ನನ್ನ ಎದೆ ಝಲ್ಲೆಂದಿತು. ಬಿಹಾರ, ಬಂಗಾಳದ ಜೌಗಿನಲ್ಲಿದ್ದ ಆ ಹಕ್ಕಿಯನ್ನು 1949ರಿಂದೀಚೆಗೆ ಯಾರೂ ಖಚಿತವಾಗಿ ಕಂಡಿಲ್ಲ!

"ಪುಸ್ತಕ ತೆಗೀಬೇಡ, ಅದರಲ್ಲಿದ್ದದ್ದೇ ಕಣ್ಣಿಗೆ ಕಾಣುತ್ತೆ. ಮೊದಲು ಬರಿ" ಅಂದೆ. ತಾರೀಖು, ಹೊತ್ತು, ಬಿಸಿಲಿನ ದಿಕ್ಕು, ಎಷ್ಟು ಹಕ್ಕಿ, ಕೊಕ್ಕು, ಎದೆ, ಪಕ್ಕೆ, ಎಲ್ಲಾ ಹಾಲಿನ ಲೆಕ್ಕದ ಪುಸ್ತಕಕ್ಕೆ ಇಳಿಯಿತು. "ಪಕ್ಕೆ ಬಿಳಿ" ಅಂತ ಬರೆದಾಗ, 'ಅದೊಂದು ಬಿಟ್ಟುಬಿಡೇ' ಅನ್ನೋ ಆಸೆ ನನಗೇ ಬಂತು! ಗುಲಾಬಿ ತಲೆ ಬಾತಿಗೆ ಬಿಳಿ ಪಕ್ಕೆಯಿಲ್ಲ. ಇದು ಚಳಿಗಾಲದ ಅತಿಥಿ, ಕೆಂಪು ಜುಟ್ಟಿನ ಬಾತು. ಸಂಜೆ ಬಿಸಿಲಿಗೆ ತಲೆ ಗುಲಾಬಿಯಾಗಿ ಕಂಡಿತ್ತು.

ನಿರಾಸೆಯಾಯಿತು, ನಿಜ. ಆದರೆ ಮಗಳ ಹಾಳೆಯಲ್ಲಿ ಸುಳ್ಳಿರಲಿಲ್ಲ. ನೀವೂ ಕೈಚೀಲದಲ್ಲೊಂದು ಪೆನ್ಸಿಲ್ ಇಟ್ಟುಕೊಳ್ಳಿ.