‘ಬನ್ನಿ ಅಕ್ಕ’ ಎಂಬುದಕ್ಕೆ ಎಷ್ಟು ಅಂಕ?

‘ಎಡಿಟರ್ ಜೊತೆ ಜಗಳಕ್ಕೆ ಹೋಗಬೇಡಿ, ಅವರು ಕೇಳಿದ ಹಾಗೆ ತಿದ್ದಿ ಕಳಿಸಿಬಿಡಿ, ದುಡ್ಡು ಬರುತ್ತದೆ.’ ನಮ್ಮ ಕಸುಬಿಗೆ ಹೊಸದಾಗಿ ಬಂದವರಿಗೆ ಹಳಬರು ಕೊಡುವ ಮೊದಲ ಬುದ್ಧಿಮಾತು ಇದು. ಇದಕ್ಕಿಂತ ಕೆಟ್ಟ ಬುದ್ಧಿಮಾತನ್ನು ನಾನು ಈ ಕಸುಬಿನಲ್ಲಿ ಕೇಳಿಲ್ಲ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಕಸುಬು ಯಾವುದೆಂದು ಮೊದಲು ಹೇಳಬೇಕು; ಹುಲ್ಲಹಳ್ಳಿಯಲ್ಲಿ ನಮ್ಮ ಬೀದಿಯವರಿಗೇ ಅದು ಇನ್ನೂ ಸರಿಯಾಗಿ ಗೊತ್ತಿಲ್ಲ. ನಮ್ಮ ಅತ್ತೆಯವರು ಯಾರಾದರೂ ಕೇಳಿದರೆ ‘ಅಂಗಡಿ ಲೆಕ್ಕ ಬರಿಯಕ್ಕೆ ಹೋಯ್ತಾಳೆ’ ಎಂದು ಹೇಳಿ ಮುಗಿಸುತ್ತಾರೆ. ಪೂರ್ತಿ ಸುಳ್ಳೂ ಅಲ್ಲ. ಇಂಗ್ಲಿಷಿನವರು ಇದನ್ನು ಮಿಸ್ಟರಿ ಶಾಪರ್ ಎನ್ನುತ್ತಾರೆ, ನಾನು ಗುಟ್ಟಿನ ಗಿರಾಕಿ ಎನ್ನುತ್ತೇನೆ. ದೊಡ್ಡ ದೊಡ್ಡ ಕಂಪನಿಗಳಿಗೆ ತಮ್ಮ ಅಂಗಡಿ, ಷೋರೂಮು, ಪೆಟ್ರೋಲ್ ಬಂಕುಗಳಲ್ಲಿ ಗಿರಾಕಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿಯಬೇಕು. ಅದಕ್ಕೆ ಅವರು ಇನ್ನೊಂದು ಕಂಪನಿಗೆ ಗುತ್ತಿಗೆ ಕೊಡುತ್ತಾರೆ. ಆ ಕಂಪನಿ ನಮ್ಮಂಥವರನ್ನು ಭೇಟಿಗೆ ಇಷ್ಟೆಂದು ಗೊತ್ತುಮಾಡಿಕೊಂಡು ಕಳಿಸುತ್ತದೆ. ನಾನು ಸಾಮಾನ್ಯ ಗಿರಾಕಿಯಂತೆ ನಂಜನಗೂಡಿಗೋ ಮೈಸೂರಿಗೋ ತಿ. ನರಸೀಪುರಕ್ಕೋ ಹೋಗಿ, ಚಪ್ಪಲಿಯನ್ನೋ ಮೊಬೈಲ್ ಚಾರ್ಜರನ್ನೋ ಕೊಂಡು, ಯಾರು ಏನು ಅಂದರು, ಎಷ್ಟು ಹೊತ್ತು ಕಾಯಿಸಿದರು, ಬಿಲ್ ಕೊಟ್ಟರೇ ಇಲ್ಲವೇ ಎಲ್ಲವನ್ನೂ ನೆನಪಿಟ್ಟುಕೊಂಡು ಮನೆಗೆ ಬಂದು, ಅದೇ ರಾತ್ರಿಯೊಳಗೆ ನಲವತ್ತು ಐವತ್ತು ಪ್ರಶ್ನೆಗಳ ಫಾರಂ ತುಂಬಬೇಕು. ಅಲ್ಲಿಂದ ಮುಂದಕ್ಕೆ ಎಡಿಟರ್ ಎಂಬುವರ ಪ್ರವೇಶ. ಅವರು ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತು ನನ್ನ ವರದಿ ಓದುತ್ತಾರೆ, ತಿದ್ದುತ್ತಾರೆ, ಪ್ರಶ್ನೆ ಹಾಕಿ ವಾಪಸು ಕಳಿಸುತ್ತಾರೆ, ಕೊನೆಗೆ ನನಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಅವರು ಒಪ್ಪಿದರೆ ಕೂಲಿ. ಒಪ್ಪದಿದ್ದರೆ ಕೂಲಿಯೂ ಇಲ್ಲ, ಚಪ್ಪಲಿಯ ದುಡ್ಡೂ ಇಲ್ಲ.

ಈಗ ಜಗಳದ ವಿಷಯ. ನಂಜನಗೂಡಿನ ಒಂದು ಚಪ್ಪಲಿ ಅಂಗಡಿ. ಒಳಗೆ ಕಾಲಿಟ್ಟ ಕೂಡಲೇ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಎದ್ದು ಬಂದು, ‘ಬನ್ನಿ ಅಕ್ಕ, ಕೂತ್ಕಳಿ. ನಿಮಗಾ, ಮಕ್ಳಿಗಾ?’ ಎಂದ. ನೀರು ಬೇಕೇ ಎಂದೂ ಕೇಳಿದ. ಏಪ್ರಿಲ್ ತಿಂಗಳ ನಂಜನಗೂಡಿನ ಬಿಸಿಲು ಗೊತ್ತಿದ್ದವರಿಗೆ ಆ ಮಾತಿನ ಬೆಲೆ ಗೊತ್ತು. ಫಾರಂನಲ್ಲಿದ್ದ ಪ್ರಶ್ನೆ: ಸಿಬ್ಬಂದಿ ನಿಮ್ಮನ್ನು ನಗುಮುಖದಿಂದ ಸ್ವಾಗತಿಸಿದರೇ? ನಾನು ‘ಹೌದು’ ಎಂದು ಗುರುತು ಹಾಕಿ, ಅವನ ಮಾತನ್ನೇ ಕೆಳಗೆ ಬರೆದೆ. ಮಾರನೆಯ ದಿನ ವರದಿ ವಾಪಸು ಬಂತು. ‘ಕಂಪನಿ ಹೇಳಿಕೊಟ್ಟ ಸ್ವಾಗತ ವಾಕ್ಯವನ್ನು ಹೇಳಿಲ್ಲವಾದ್ದರಿಂದ ಉತ್ತರವನ್ನು “ಇಲ್ಲ” ಎಂದು ಬದಲಿಸಿ.’ ಆ ವಾಕ್ಯ ಇಂಗ್ಲಿಷಿನದು. ವೆಲ್‌ಕಂ, ಹೌ ಮೇ ಐ ಹೆಲ್ಪ್ ಯೂ.

ನಾನು ಬದಲಿಸಲಿಲ್ಲ. ಫೋನ್ ಬಂತು. ಆ ಕಡೆಯಿಂದ ಸಣ್ಣ ಹುಡುಗಿಯ ದನಿ. ‘ಮೇಡಂ, ಕ್ಲೈಂಟ್ ಗೈಡ್‌ಲೈನ್ ಹಾಗಿದೆ ಮೇಡಂ.’ ‘ನೀನು ನಿಮ್ಮ ಮನೆಗೆ ಬಂದ ನೆಂಟರಿಗೆ ಏನು ಹೇಳ್ತೀಯಮ್ಮ?’ ಎಂದೆ. ಒಂದು ಕ್ಷಣ ಸುಮ್ಮನಿದ್ದು, ‘ಅದು ಬೇರೆ ಮೇಡಂ’ ಎಂದಳು.

ಅದು ಬೇರೆಯಲ್ಲ. ಪ್ರಶ್ನೆ ಕೇಳಿದ್ದು ಸ್ವಾಗತಿಸಿದರೇ ಎಂದು. ಇಂಗ್ಲಿಷಿನ ವಾಕ್ಯ ಒಪ್ಪಿಸಿದರೇ ಎಂದಲ್ಲ. ಎರಡನೆಯದು ಬೇಕಿದ್ದರೆ ಅದಕ್ಕೇ ಒಂದು ಪ್ರಶ್ನೆ ಬರೆಯಲಿ, ನಾನು ಧಾರಾಳವಾಗಿ ‘ಇಲ್ಲ’ ಎನ್ನುತ್ತೇನೆ. ಪ್ರಶ್ನೆ ಒಂದು ಕೇಳಿ, ಅಂಕ ಇನ್ನೊಂದಕ್ಕೆ ಕೊಡುವುದು ಯಾವ ಊರಿನ ನ್ಯಾಯ? ಇದೇನು ಬರಿಯ ಮಾತಿನ ಜಗಳ ಎಂದುಕೊಳ್ಳಬೇಡಿ. ಮೈಸೂರಿನ ಮಾಲೊಂದರಲ್ಲಿ ಬಟ್ಟೆ ಮಡಿಸುವ ಕೆಲಸಕ್ಕಿರುವ ನಮ್ಮ ಬೀದಿಯ ಹುಡುಗ ಒಂದು ದಿನ ತಾನಾಗಿಯೇ ಹೇಳುತ್ತಿದ್ದ: ಯಾರೋ ಗುಟ್ಟಾಗಿ ಬಂದು ಮಾರ್ಕ್ಸ್ ಹಾಕಿ ಹೋಗ್ತಾರಂತೆ, ಮಾರ್ಕ್ಸ್ ಕಮ್ಮಿ ಬಂದ ತಿಂಗಳು ಇನ್ಸೆಂಟಿವ್ ಕಟ್. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ನಾನು ತುಟಿ ಬಿಗಿದುಕೊಂಡು ಕೇಳಿಸಿಕೊಂಡೆ. ನನ್ನ ಒಂದು ‘ಹೌದು’ ಎಡಿಟರ್ ಕೈಯಲ್ಲಿ ‘ಇಲ್ಲ’ವಾದರೆ ಎಲ್ಲೋ ಒಂದು ಮನೆಯಲ್ಲಿ ಆ ತಿಂಗಳ ಗ್ಯಾಸ್ ಸಿಲಿಂಡರಿಗೆ ಸಾಲ ಮಾಡಬೇಕಾಗುತ್ತದೆ. ಕೇಳಿದ ಹಾಗೆ ತಿದ್ದಿ ಕಳಿಸಿ ಎನ್ನುವವರಿಗೆ ಈ ಮನೆ ಕಾಣುವುದಿಲ್ಲ.

ಪೆಟ್ರೋಲ್ ಬಂಕಿನ ಜಗಳ ಇದಕ್ಕೆ ತಿರುಗುಮುರುಗು. ಯಾವ ಬಂಕಿನಲ್ಲಾದರೂ ಗಿರಾಕಿಗೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆಯ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಎಂದು ಕೇಳುವ ಹಕ್ಕಿದೆ. ಐದು ಲೀಟರಿಗೆ ಇಪ್ಪತ್ತೈದು ಮಿಲಿಲೀಟರಿನಷ್ಟು ಮಾತ್ರ ಹೆಚ್ಚುಕಮ್ಮಿ ಆಗಬಹುದು. ನಮ್ಮ ಕಡೆಯ ರೈತರು ಟ್ರ್ಯಾಕ್ಟರಿಗೆ ಡೀಸೆಲ್ ತರುವಾಗ ಇದನ್ನು ಕೇಳಿದ್ದನ್ನು ನಾನು ನೋಡಿಲ್ಲ; ಕೇಳಬಹುದೆಂಬುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಒಂದು ಬಂಕಿನಲ್ಲಿ ಕೇಳಿದೆ. ‘ಪಾತ್ರೆ ಒಳಗೈತೆ ಮೇಡಂ, ಬೀಗದ ಕೈ ಓನರ್ ಹತ್ರ ಐತೆ, ಅವ್ರು ಸಂಜೆ ಬತ್ತಾರೆ’ ಎಂದ ಅಲ್ಲಿದ್ದಾತ. ಗಾಜಿನ ಹಿಂದೆ ಪಾತ್ರೆ ಕಾಣುತ್ತಿತ್ತು. ಫಾರಂನಲ್ಲಿ ಇದ್ದದ್ದು ಎರಡೇ ಚೌಕ: ಪಾತ್ರೆ ಇದೆ, ಪಾತ್ರೆ ಇಲ್ಲ. ನಾನು ‘ಇಲ್ಲ’ ಎಂದು ಗುರುತಿಸಿ, ಕಾರಣ ಬರೆದೆ. ಎಡಿಟರ್ ಬರೆದರು: ನಿಮ್ಮ ಟಿಪ್ಪಣಿಯ ಪ್ರಕಾರವೇ ಪಾತ್ರೆ ಇದೆ, ಆದ್ದರಿಂದ ಉತ್ತರ ‘ಇದೆ’.

ಬೀಗ ಹಾಕಿದ ಬಾವಿಯಲ್ಲಿ ನೀರಿದೆ ಎಂದು ಬಾಯಾರಿದವನಿಗೆ ಹೇಳಿದಂತಾಯಿತು. ಆ ಪ್ರಶ್ನೆ ಇರುವುದೇ ಗಿರಾಕಿಗೆ ಅಳತೆ ತೋರಿಸುತ್ತಾರೋ ಇಲ್ಲವೋ ಎಂದು ತಿಳಿಯುವುದಕ್ಕೆ. ಮೇಲೆ ಕೂತವರು ಟಿಪ್ಪಣಿ ಓದುವುದಿಲ್ಲ, ಚೌಕದ ಮೊತ್ತ ಮಾತ್ರ ನೋಡುತ್ತಾರೆ. ‘ಇದೆ’ ಎಂದಾದರೆ ಆ ಬಂಕಿಗೆ ಪೂರ್ತಿ ಅಂಕ. ಚಪ್ಪಲಿ ಅಂಗಡಿಯ ಹುಡುಗನ ವಿಷಯದಲ್ಲಿ ಅಕ್ಷರ ಹಿಡಿದು ಕೂತವರು ಬಂಕ್ ಮಾಲೀಕನ ವಿಷಯದಲ್ಲಿ ಇದ್ದಕ್ಕಿದ್ದಂತೆ ಉದಾರಿಗಳಾದದ್ದು ಹೇಗೆ? ನಾನು ಹತ್ತು ವರ್ಷದ ಕಾಗದ ಪತ್ರ ಇಟ್ಟುಕೊಂಡು ನೋಡುತ್ತಿದ್ದೇನೆ: ಅನುಮಾನ ಬಂದ ಕಡೆ ಕತ್ತರಿ ಯಾವಾಗಲೂ ಕೆಳಗಿನವರ ಮೇಲೇ ಬೀಳುತ್ತದೆ.

ಇನ್ನು ಕೆಲವು ಕತೆಗಳು ನಗೆ ಬರಿಸುವಂಥವು. ಒಂದು ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯ ‘ನಡೆಯಲ್ಲ’ ಎಂದು ಹಿಂದಕ್ಕೆ ಕೊಟ್ಟರು. ಹದಿನಾಲ್ಕು ನಮೂನೆಯ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸಾರಿ ಹೇಳಿದೆ. ಅದನ್ನು ಬರೆದೆ. ‘ಪ್ರಶ್ನೆಗೆ ಸಂಬಂಧಿಸಿದ್ದಲ್ಲ’ ಎಂದು ತೆಗೆದುಹಾಕಿದರು. ಹೆಂಗಸರಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಇನ್ನೊಂದು ತಮಾಷೆ. ಶೂನ್ಯ ಟಿಕೆಟ್ಟಿನ ಫೋಟೋ ಕಳಿಸಿದರೆ ‘ನಿಮಗೆ ಪ್ರಯಾಣ ವೆಚ್ಚ ಇಲ್ಲವಲ್ಲ’ ಎಂದು ಆ ಬಾಬತ್ತನ್ನೇ ಹೊಡೆದುಹಾಕಿದರು. ಸರ್ಕಾರ ನನಗೆ ಕೊಟ್ಟ ಸವಲತ್ತು ಕಂಪನಿಯ ಜೇಬಿಗೆ ಹೇಗೆ ಹೋಯಿತೋ! ರಾತ್ರಿ ನಂಜನಗೂಡಿನಿಂದ ಹುಲ್ಲಹಳ್ಳಿಗೆ ಬಸ್ಸು ತಪ್ಪಿದರೆ ಆಟೋದವನು ಶೂನ್ಯ ಟಿಕೆಟ್ ಕೊಡುವುದಿಲ್ಲ.

ಎಡಿಟರುಗಳ ಪರವಾಗಿಯೂ ಹೇಳಬೇಕಾದ್ದಿದೆ. ಮನೆಯಲ್ಲೇ ಕೂತು, ಹಳೇ ಬಿಲ್ಲಿನ ಫೋಟೋ ಹಾಕಿ, ಹೋಗದ ಅಂಗಡಿಗೆ ಹೋದೆನೆಂದು ಬರೆಯುವ ಮಹಾನುಭಾವರು ನಮ್ಮಲ್ಲಿ ಇದ್ದಾರೆ. ಅಂಥವರ ಹತ್ತು ವರದಿ ಓದಿದವರಿಗೆ ಹನ್ನೊಂದನೆಯದನ್ನೂ ಅನುಮಾನದಿಂದ ನೋಡುವುದು ಸಹಜ. ಫೋನು ಮಾಡಿದ ಆ ಹುಡುಗಿಗೂ ದಿನಕ್ಕೆ ಇಷ್ಟು ವರದಿ ಮುಗಿಸಬೇಕೆಂಬ ಗಡುವು ಇರುತ್ತದೆ. ಅವಳ ತಲೆಯ ಮೇಲೆ ಇನ್ನೊಬ್ಬರು. ಸಮಯ ಬರೆದದ್ದು ಬಿಲ್ಲಿನ ಸಮಯಕ್ಕೆ ತಾಳೆಯಾಗದಿದ್ದರೆ ಕೇಳಲಿ, ಹೆಸರಿನ ಪಟ್ಟಿ ಇಲ್ಲದ ಸಿಬ್ಬಂದಿಯ ಚಹರೆ ಕೇಳಲಿ, ನನ್ನ ಇಂಗ್ಲಿಷನ್ನು ಬೇಕಾದ ಹಾಗೆ ತಿದ್ದಲಿ. ಮಾತು ಅವರದು, ನಾನು ಬಿಟ್ಟುಕೊಡುತ್ತೇನೆ. ಕಂಡದ್ದು ಮಾತ್ರ ನನ್ನದು. ಅಂಗಡಿಯಲ್ಲಿ ನಿಂತವಳು ನಾನು, ಅವರಲ್ಲ.

ಈ ಕಸುಬು ಹೊಸದೂ ಅಲ್ಲ, ಪರದೇಶದಿಂದ ಬಂದದ್ದೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿ, ಗೃಹಸ್ಥ, ತಪಸ್ವಿಗಳ ವೇಷದ ಗೂಢಚಾರರ ಮೇಲೆ ಅಧ್ಯಾಯಗಳೇ ಇವೆ. ಒಬ್ಬರ ಗುರುತು ಇನ್ನೊಬ್ಬರಿಗೆ ಇರಬಾರದು ಎನ್ನುತ್ತಾನೆ. ಮೂವರು ಬೇರೆ ಬೇರೆಯಾಗಿ ತಂದ ಸುದ್ದಿ ಒಂದೇ ಆದರೆ ನಂಬಬೇಕು ಎನ್ನುತ್ತಾನೆ. ಪದೇ ಪದೇ ತಾಳೆಯಾಗದವನಿಗೆ ಸದ್ದಿಲ್ಲದ ದಂಡನೆ, ಇಲ್ಲವೇ ಕೆಲಸದಿಂದ ವಜಾ. ಗಮನಿಸಿ: ಅನುಮಾನ ಬಂದರೆ ಇನ್ನಿಬ್ಬರನ್ನು ಕಳಿಸಿ ನೋಡು ಎಂದನೇ ಹೊರತು, ಅರಮನೆಯಲ್ಲಿ ಕೂತ ಗುಮಾಸ್ತ ಸುದ್ದಿಯನ್ನೇ ತಿದ್ದಿ ಬರೆಯಲಿ ಎನ್ನಲಿಲ್ಲ. ನಮ್ಮ ಕಂಪನಿಗಳು ಮೂವರ ಖರ್ಚನ್ನು ಉಳಿಸಿಕೊಂಡು, ಸದ್ದಿಲ್ಲದ ದಂಡನೆಯನ್ನು ಮಾತ್ರ ಹಾಗೇ ಇಟ್ಟುಕೊಂಡಿವೆ. ಎಡಿಟರಿಗೆ ಎದುರಾಡಿದವರಿಗೆ ಯಾರೂ ಬೈಯುವುದಿಲ್ಲ. ಅಂಕ ಹತ್ತರಿಂದ ಆರಕ್ಕೆ ಇಳಿಯುತ್ತದೆ. ಆಮೇಲೆ ಕೆಲಸದ ಮೆಸೇಜು ಬರುವುದು ನಿಲ್ಲುತ್ತದೆ, ಅಷ್ಟೆ. ಯಾಕೆಂದು ಕೇಳಲು ಒಂದು ಬಾಗಿಲೂ ಇಲ್ಲ.

ಹಾಗಾದರೆ ಜಗಳ ಹೇಗೆ ಆಡಬೇಕು ಎಂದು ಹೊಸಬರು ಕೇಳುತ್ತಾರೆ. ಫೋನಿನಲ್ಲಂತೂ ಆಡಬೇಡಿ, ಫೋನಿನ ಮಾತು ಗಾಳಿಗೆ ಹೋಗುತ್ತದೆ, ‘ಮೇಡಂ ಒಪ್ಪಿದರು’ ಎಂಬುದಷ್ಟೇ ಉಳಿಯುತ್ತದೆ. ಅವರು ಹೇಳಿದ್ದನ್ನೇ ‘ನೀವು ಹೀಗೆ ಬದಲಿಸಲು ಹೇಳಿದಿರಿ, ನಾನು ಕಂಡದ್ದು ಹೀಗೆ’ ಎಂದು ಎರಡು ಸಾಲು ಬರೆದು ಕಳಿಸಿ. ಬೈಗುಳ ಬೇಡ, ಗೋಳು ಬೇಡ. ಅಂಗಡಿಯಿಂದ ಹೊರಬಿದ್ದ ಕೂಡಲೇ ಬಸ್‌ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತಾದರೂ ಸರಿ, ಆಡಿದ ಮಾತನ್ನು ಆಡಿದ ಹಾಗೆಯೇ ಕನ್ನಡದಲ್ಲಿ ಪುಸ್ತಕಕ್ಕೆ ಬರೆದುಕೊಳ್ಳಿ. ರಾತ್ರಿ ಇಂಗ್ಲಿಷಿಗೆ ತಿರುಗಿಸುವಾಗ ನೆನಪು ನಿಮಗೇ ಮೋಸ ಮಾಡದಂತೆ ಅದು ಕಾಯುತ್ತದೆ. ಅವರೇ ಬದಲಿಸಿಕೊಳ್ಳುವುದಾದರೆ ಬದಲಿಸಿಕೊಳ್ಳಲಿ, ನಿಮ್ಮ ಕೈಯಿಂದ ಮಾತ್ರ ಬದಲಿಸಬೇಡಿ. ಒಂದು ಭೇಟಿಯ ಕೂಲಿ ಹೋಗಬಹುದು. ನನಗೂ ಹೋಗಿದೆ, ನಾಲ್ಕು ಸಲ.

ಕಂಪನಿಗಳಿಗೂ ಹೇಳಬೇಕು. ತಿದ್ದುವ ಎಡಿಟರು ತಮ್ಮ ಹೆಸರು ಹಾಕಿ ತಿದ್ದಲಿ. ನನ್ನ ಮೂಲ ಉತ್ತರವೂ ಅವರ ತಿದ್ದುಪಡಿಯೂ ಅಕ್ಕಪಕ್ಕದಲ್ಲಿ ಮೇಲಿನವರಿಗೆ ಹೋಗಲಿ. ಭಿನ್ನಾಭಿಪ್ರಾಯ ಇದೆ ಎಂದ ಮಾತ್ರಕ್ಕೆ ಕೂಲಿ ತಡೆಯುವುದು ನಿಲ್ಲಲಿ. ಹೋಗಿದ್ದಕ್ಕೆ ಕೂಲಿ, ಒಪ್ಪಿದ್ದಕ್ಕಲ್ಲ. ಕರ್ನಾಟಕದಲ್ಲಿ 2025ರಲ್ಲಿ ಆದ ಗಿಗ್ ಕಾರ್ಮಿಕರ ಕಾನೂನಿನಲ್ಲಿ, ಊಟ ತಲುಪಿಸುವ ಹುಡುಗನನ್ನು ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಡಬೇಕು, ಹದಿನಾಲ್ಕು ದಿನ ಮೊದಲೇ ತಿಳಿಸಬೇಕು ಎಂದಿದೆ. ಬೈಕಿನವನಿಗೆ ಕೊಡುವ ಕಾರಣವನ್ನು ನಮಗೆ ಕೊಡಲು ಏನು ಕಷ್ಟ?

ಇದನ್ನೆಲ್ಲ ನಾನು ಕಂಪನಿಗೆ ಬರೆದು ಕಳಿಸಿದೆ. ‘ಗಮನಕ್ಕೆ ತೆಗೆದುಕೊಳ್ಳಲಾಗಿದೆ’ ಎಂದು ಒಂದು ಸಾಲಿನ ಉತ್ತರ ಬಂತು. ಬಂಕಿನ ವರದಿ ಇನ್ನೂ ‘ಪರಿಶೀಲನೆಯಲ್ಲಿದೆ’. ಚಪ್ಪಲಿ ಅಂಗಡಿಯದು ಮಾತ್ರ, ಮೂರು ಸಲ ಹೋಗಿ ಬಂದ ಮೇಲೆ, ‘ಹೌದು’ ಎಂದೇ ಮೇಲಕ್ಕೆ ಹೋಯಿತು. ನನಗೆ ಸಿಕ್ಕ ಅಂಕ ಹತ್ತಕ್ಕೆ ಐದು.